ಪೌಡರ್ ಕೋಟಿಂಗ್‌ಗೆ ಇನ್‌ಫ್ರಾರೆಡ್ ಶಾಖ ಬಳಸುವ ಕ್ರಮ

ಪೌಡರ್ ಕೋಟಿಂಗ್ ಎಂದರೆ ಲೋಹದ ಮೇಲೆ ಬಣ್ಣದ ಒಣ ಪುಡಿ ಸಿಂಪಡಿಸಿ, ಕಾಯಿಸಿ ಗಟ್ಟಿ ಪದರವಾಗಿಸುವುದು. ಬಿಸಿಗಾಳಿಯ ಓವನ್‌ನಲ್ಲಿ ಮೊದಲು ಗಾಳಿ ಕಾಯುತ್ತದೆ, ಆಮೇಲೆ ಲೋಹ ಕಾಯುತ್ತದೆ. ಇನ್‌ಫ್ರಾರೆಡ್ ಎಮಿಟರ್‌ನ (ಶಾಖಕಿರಣ ಸೂಸುವ ಸಾಧನದ) ಕಿರಣಗಳಾದರೋ ಪೌಡರ್ ಪದರಕ್ಕೂ ಅದರ ಕೆಳಗಿನ ತಗಡಿಗೂ ನೇರವಾಗಿ ಶಾಖ ಮುಟ್ಟಿಸುವುದರಿಂದ ತೆಳು ತಗಡು ಬಹುಬೇಗ ಬಿಸಿಯೇರುತ್ತದೆ. ಈ ವೇಗವನ್ನು ಹದದಲ್ಲಿಡಬೇಕಾದರೆ ಓವನ್ನಿನ ಮೀಟರಿಗಿಂತ ಲೋಹದ ತಾಪಮಾನವನ್ನೇ ನಂಬಬೇಕು. ಪೌಡರ್ ತಯಾರಕರ ಮಾಹಿತಿ ಪತ್ರದಲ್ಲಿ 200 ಡಿಗ್ರಿ ಸೆಲ್ಸಿಯಸ್, 10 ನಿಮಿಷ ಎಂದಿದ್ದರೆ, ಲೋಹ 200 ಡಿಗ್ರಿ ತಲುಪಿದ ಮೇಲೆ ಆ 10 ನಿಮಿಷಗಳನ್ನು ಎಣಿಸಬೇಕು.

ಎಮಿಟರ್‌ನ ಆಯ್ಕೆಯಲ್ಲಿ ತರಂಗಾಂತರ ಮುಖ್ಯ. ಸುಮಾರು 2200 ಡಿಗ್ರಿಯಲ್ಲಿ ಉರಿಯುವ ಶಾರ್ಟ್‌ವೇವ್ ಲ್ಯಾಂಪಿನ ಶಕ್ತಿ 1.2 ಮೈಕ್ರಾನ್ ಆಸುಪಾಸಿನಲ್ಲಿ ಅತಿ ಹೆಚ್ಚು. ಅದರ ಒಂದು ಪಾಲು ಪದರವನ್ನು ದಾಟಿ ಲೋಹವನ್ನು ಕಾಯಿಸುತ್ತದೆ, ಆದರೆ ಬಿಳಿ ಮತ್ತು ಕಪ್ಪು ಬಣ್ಣಗಳು ಅದನ್ನು ಹೀರುವ ಪ್ರಮಾಣದಲ್ಲಿ ದೊಡ್ಡ ಅಂತರವಿರುತ್ತದೆ. ಸುಮಾರು 900 ಡಿಗ್ರಿಯ ಮೀಡಿಯಂವೇವ್ ಎಮಿಟರ್‌ನಲ್ಲಿ ಈ ಅಂತರ ಕಡಿಮೆ, ಪೌಡರಿನಲ್ಲಿರುವ ರಾಳವೂ ಆ ಕಿರಣಗಳನ್ನು ಚೆನ್ನಾಗಿ ಹೀರುತ್ತದೆ. ದಿನಕ್ಕೆ ಹಲವು ಬಣ್ಣ ಬದಲಿಸುವ ಜಾಬ್‌ವರ್ಕ್ ಘಟಕಗಳಿಗೆ ಎರಡನೆಯದೇ ಒಳ್ಳೆಯದೆಂದು ನನ್ನ ಅಭಿಪ್ರಾಯ.

ಕಿರಣಗಳು ನೇರ ಗೆರೆಯಲ್ಲಿ ಸಾಗುವುದರಿಂದ ಪೆಟ್ಟಿಗೆಯ ಒಳಮೂಲೆ, ಬ್ರಾಕೆಟ್‌ನ ಹಿಂಬದಿಯಂಥ ಜಾಗಗಳು ನೆರಳಿನಲ್ಲಿ ಉಳಿಯುತ್ತವೆ. ಆದ್ದರಿಂದ ಇನ್‌ಫ್ರಾರೆಡ್ ವಲಯದಲ್ಲಿ ಪೌಡರ್ ಕರಗಿ ಒಂದಾಗುವವರೆಗೆ ಮಾತ್ರ ಕಾಯಿಸಿ, ಉಳಿದ ಕ್ಯೂರಿಂಗನ್ನು (ಪದರ ಬೆಂದು ಗಟ್ಟಿಯಾಗುವುದನ್ನು) ಬಿಸಿಗಾಳಿಯ ಓವನ್‌ಗೆ ಬಿಡುವುದು ಕ್ಷೇಮ. ಪೌಡರ್ ಕರಗುವ ಮುನ್ನ ಇನ್‌ಫ್ರಾರೆಡ್ ವಲಯದಲ್ಲಿ ಜೋರು ಗಾಳಿ ಬೀಸಕೂಡದು. ಅದು ಪುಡಿಯನ್ನು ಉದುರಿಸುತ್ತದೆ, ಹಾರಿದ ಪುಡಿ ಕೆಂಪಗೆ ಕಾದ ಎಮಿಟರ್ ಮೇಲೆ ಬಿದ್ದರೆ ಬೆಂಕಿ ಹೊತ್ತಿಕೊಳ್ಳಬಹುದು.

ಹೊಸ ಕೆಲಸ ಹಿಡಿಯುವ ಮುನ್ನ ಒಂದು ಮಾದರಿ ತುಂಡಿನ ಅತಿ ತೆಳುವಾದ ಅಂಚಿಗೂ ಅತಿ ದಪ್ಪನೆಯ ಫ್ಲ್ಯಾಂಜಿಗೂ (ಚಾಚುಪಟ್ಟಿಗೂ) ಥರ್ಮೋಕಪಲ್ (ತಾಪಮಾನ ಅಳೆಯುವ ತಂತಿ) ಕಟ್ಟಿ, ಲೈನಿನಲ್ಲಿ ಪೂರ್ತಿ ಓಡಿಸಿ ನೋಡಬೇಕು. ಅಂಚು 220 ಡಿಗ್ರಿ ದಾಟಿ ಬಿಳಿ ಬಣ್ಣ ಹಳದಿಗೆ ತಿರುಗುವ ಹೊತ್ತಿಗೆ ಫ್ಲ್ಯಾಂಜ್ ಇನ್ನೂ 160ರಲ್ಲೇ ಇರಬಹುದು. ಹಾಗಾದಾಗ ಎಮಿಟರ್‌ನ ಪವರ್ ತಗ್ಗಿಸಿ, ತುಂಡುಗಳನ್ನು ಸಾಗಿಸುವ ಕನ್ವೇಯರ್‌ನ ವೇಗವನ್ನೂ ತಗ್ಗಿಸಬೇಕು. ಕೈಯಲ್ಲಿ ಹಿಡಿಯುವ ಇನ್‌ಫ್ರಾರೆಡ್ ಥರ್ಮಾಮೀಟರನ್ನು ಎಮಿಟರ್ ಉರಿಯುತ್ತಿರುವಾಗ ಬಳಸಿದರೆ, ತಗಡಿನಿಂದ ಪ್ರತಿಫಲಿಸಿದ ಕಿರಣವೂ ಸೇರಿ ಹುಸಿ ಅಂಕಿ ಬರುವ ಸಾಧ್ಯತೆ ಇದೆ.

ಅರೆಬೆಂದ ಪದರ ಹೊಳಪಿನಿಂದ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ. ಆದ್ದರಿಂದ ತಣಿದ ತುಂಡಿನ ದಪ್ಪ ಭಾಗದ ಮೇಲೆ ಎಂಇಕೆ (ಮೀಥೈಲ್ ಈಥೈಲ್ ಕೀಟೋನ್) ದ್ರಾವಕದಲ್ಲಿ ಅದ್ದಿದ ಬಟ್ಟೆಯಿಂದ, ಪೌಡರ್ ತಯಾರಕರು ಹೇಳಿದಷ್ಟು ಸಲ ಉಜ್ಜಿ, ಪದರ ಮೆತ್ತಗಾಗುತ್ತದೆಯೇ ಎಂದು ಉಗುರಿನಿಂದ ಕೆರೆದು ನೋಡಬೇಕು.

ಕನ್ವೇಯರ್ ನಿಂತೊಡನೆ ಎಮಿಟರ್‌ನ ವಿದ್ಯುತ್ ತಾನಾಗಿ ಕಡಿಯುವ ಇಂಟರ್‌ಲಾಕ್ ಕಡ್ಡಾಯವಾಗಿರಲಿ. ಶಾರ್ಟ್‌ವೇವ್ ಲ್ಯಾಂಪಿನ ಕಾವು ಕೆಲವೇ ಸೆಕೆಂಡುಗಳಲ್ಲಿ ಇಳಿಯುತ್ತದೆ. ಮೀಡಿಯಂವೇವ್‌ಗೆ ಅದಕ್ಕಿಂತ ಹೆಚ್ಚು ಹೊತ್ತು ಬೇಕಾಗುವುದರಿಂದ ಅಲ್ಲಿ ಎಮಿಟರ್ ಪ್ಯಾನೆಲ್ ಹಿಂದೆ ಸರಿಯುವ ಅಥವಾ ತಡೆತಗಡು ಅಡ್ಡ ಬರುವ ಏರ್ಪಾಡೂ ಬೇಕು. ಎಮಿಟರ್‌ನ ಕ್ವಾರ್ಟ್ಜ್ ಗಾಜಿನ ಕೊಳವೆಯನ್ನು ಬರಿಗೈಯಿಂದ ಮುಟ್ಟಬಾರದು. ಬೆವರಿನ ಉಪ್ಪು ಉಳಿದ ಕಡೆ ಗಾಜು ಕಾದಾಗ ಬೆಳ್ಳಗಾಗಿ ಕ್ರಮೇಣ ಬಿರಿಯುತ್ತದೆ.