ಕ್ಷಯ ಎಂಬ ಪದ ಹಿಡಿದು ಓದಿದ ಕಾದಂಬರಿ

ಎಕ್ಸ್-ರೇ ವಿಭಾಗದಲ್ಲಿ ಮೂವತ್ತು ವರ್ಷ ಸವೆಸಿದವನಿಗೆ ಕಥೆಯಲ್ಲಿ ಆಸ್ಪತ್ರೆ ಬಂದರೆ ಮೊದಲು ತಪ್ಪು ಹುಡುಕುವ ಚಾಳಿ. ಜರ್ಮನ್ ಲೇಖಕ ಥಾಮಸ್ ಮನ್‌ನ ಕಾದಂಬರಿ ‘ದಿ ಮ್ಯಾಜಿಕ್ ಮೌಂಟನ್’ (1924) ಇಂಗ್ಲಿಷಿನಲ್ಲಿ ಕೈಗೆ ಸಿಕ್ಕಾಗ ನಾನು ಓದಿದ್ದೂ ಹಾಗೆಯೇ. ಹ್ಯಾಂಬರ್ಗಿನ ಎಂಜಿನಿಯರ್ ಹುಡುಗ ಹಾನ್ಸ್ ಕಾಸ್ಟಾರ್ಪ್, ಕ್ಷಯ ಹಿಡಿದ ಬಂಧು ಯೋಆಕಿಮ್‌ನನ್ನು ನೋಡಲು ಸ್ವಿಟ್ಜರ್ಲೆಂಡಿನ ದಾವೋಸ್ ಬೆಟ್ಟದ ಸ್ಯಾನಿಟೋರಿಯಂಗೆ, ಅಂದರೆ ಕ್ಷಯರೋಗಿಗಳ ಆಸ್ಪತ್ರೆಗೆ, ಹೋಗುತ್ತಾನೆ. ಮೂರು ವಾರಕ್ಕೆಂದು ಹೋದವನು ಏಳು ವರ್ಷ ಅಲ್ಲೇ ಉಳಿಯುತ್ತಾನೆ.

ತಪ್ಪು ಸಿಗಲಿಲ್ಲ. ಎಕ್ಸ್-ರೇ ಕೋಣೆಯಲ್ಲಿ ಡಾಕ್ಟರ್ ಬೆರೆನ್ಸ್ ದೀಪ ಆರಿಸಿ ಮೊದಲು ಎಲ್ಲರನ್ನೂ ಕತ್ತಲಲ್ಲಿ ಕೂರಿಸುತ್ತಾನೆ. ಈಗಿನ ಹುಡುಗರಿಗೆ ಇದು ನಾಟಕ ಅನ್ನಿಸೀತು. ಆದರೆ ಹಳೆಯ ಫ್ಲೋರೋಸ್ಕೋಪಿಯಲ್ಲಿ, ಅಂದರೆ ಫಿಲ್ಮಿಲ್ಲದೆ ಮೈಯೊಳಗನ್ನು ನೇರವಾಗಿ ಪರದೆಯ ಮೇಲೆ ನೋಡುವಾಗ, ಆ ಪರದೆಯ ಬೆಳಕು ಎಷ್ಟು ಮಂಕೆಂದರೆ ಕಣ್ಣು ಕತ್ತಲಿಗೆ ಒಗ್ಗದೆ ಏನೂ ಕಾಣುತ್ತಿರಲಿಲ್ಲ. ಅದಕ್ಕೆಂದೇ ಮುಂಚಿನವರು ಕೆಂಪು ಗಾಜಿನ ಕನ್ನಡಕ ಹಾಕಿಕೊಂಡು ಓಡಾಡುತ್ತಿದ್ದರೆಂದು ನನ್ನ ಹಿರಿಯ ಟೆಕ್ನಿಷಿಯನ್ ಹೇಳುತ್ತಿದ್ದರು. ಆಮೇಲೆ ಹಾನ್ಸ್ ತನ್ನ ಕೈಯನ್ನೇ ನೋಡಬೇಕೆನ್ನುತ್ತಾನೆ. ಮೂಳೆ ಕಾಣುತ್ತದೆ, ಅದರ ಸುತ್ತ ಅಜ್ಜನ ಉಂಗುರ ಕಪ್ಪಗೆ, ಸಡಿಲವಾಗಿ ತೇಲುತ್ತದೆ. ತನ್ನ ಗೋರಿಯನ್ನೇ ನೋಡಿದ ಹಾಗೆ ಅವನಿಗನ್ನಿಸುತ್ತದೆ. ನಾನು ಅಂಚಿನಲ್ಲಿ ‘ಸರಿ’ ಎಂದು ಗುರುತು ಹಾಕಿ ಮುಂದೆ ಹೋದೆ.

ಪುಸ್ತಕವನ್ನು ಎರಡು ಸಲ ಓದಿ ಎಂದು ಮನ್ ತಾನೇ 1939ರಲ್ಲಿ ಪ್ರಿನ್ಸ್‌ಟನ್ನಿನಲ್ಲಿ ಕೇಳಿಕೊಂಡಿದ್ದ. ಎರಡನೇ ಸಲ ಆ ಉಂಗುರದ ಹತ್ತಿರ ನಿಂತುಬಿಟ್ಟೆ. 1895ರಲ್ಲಿ ಎಕ್ಸ್-ರೇ ಕಂಡುಹಿಡಿದ ರಾಂಟ್‌ಜನ್ ಆಗಲೇ ತೆಗೆದ ಹೆಂಡತಿಯ ಕೈಯ ಚಿತ್ರದಲ್ಲೂ ಉಂಗುರವಿದೆ. ನಮ್ಮ ಕೋರ್ಸಿನ ಮೊದಲ ಪಾಠದಲ್ಲಿ ಕಂಡ ಚಿತ್ರ ಅದು. ಹಾನ್ಸ್ ಮುಂದೆ ಪ್ರೀತಿಸಿದವಳ ಎಕ್ಸ್-ರೇ ಪ್ಲೇಟನ್ನೇ ಫೋಟೋದಂತೆ ಇಟ್ಟುಕೊಳ್ಳುತ್ತಾನೆ. ಅದರಲ್ಲಿ ಮುಖವಿಲ್ಲ, ಬರೀ ಎದೆಗೂಡು. ಕಂದು ಕವರಿನಲ್ಲಿ ಸಾವಿರಾರು ಫಿಲ್ಮು ಹಾಕಿ ಕೊಟ್ಟವನು ನಾನು. ಅದನ್ನು ಯಾರಾದರೂ ಎದೆಗೊತ್ತಿಕೊಂಡಾರು ಎಂದು ಒಮ್ಮೆಯೂ ಹೊಳೆದಿರಲಿಲ್ಲ.

ಇದೇ ಸುತ್ತಿನಲ್ಲಿ ಪೆನ್ಸಿಲ್ ಹಿಡಿದು ಏಳರ ಲೆಕ್ಕಕ್ಕೂ ಬಿದ್ದೆ. ಥರ್ಮಾಮೀಟರ್ ಬಾಯಲ್ಲಿರುವುದು ಏಳು ನಿಮಿಷ, ಊಟದ ಮನೆಯಲ್ಲಿ ಏಳು ಮೇಜು, ಅಧ್ಯಾಯ ಏಳು, ಹಾನ್ಸ್‌ನ ಕೋಣೆ 34, ಕೂಡಿದರೆ ಏಳು. ಸೆತೆಂಬ್ರೀನಿ ಎಂಬ ಇಟಲಿಯ ರೋಗಿಯ ಹೆಸರಿನಲ್ಲೂ ಅವರ ಭಾಷೆಯ ಏಳು, ‘ಸೆತ್ತೆ’, ಅಡಗಿದೆ. ಅಲ್ಲಿಗೆ ನಿಲ್ಲಿಸಬೇಕಿತ್ತು. ಪುಟಸಂಖ್ಯೆಗಳನ್ನೂ ಕೂಡತೊಡಗಿದಾಗ ಮಗಳು, “ಅಪ್ಪಾ, ಇದು ಮಟ್ಕಾ ನಂಬರ್ ಹುಡುಕಿದ ಹಾಗಾಯ್ತು” ಎಂದಳು. ಪೆನ್ಸಿಲ್ ಕೆಳಗಿಟ್ಟೆ. ಸೆತೆಂಬ್ರೀನಿ ಮತ್ತು ಅವನ ಎದುರಾಳಿ ನಾಫ್ತಾರ ವಾದಗಳಲ್ಲಿ ಅರ್ಥ ಹುಡುಕಿದವರು ಬೇಕಾದಷ್ಟಿದ್ದಾರೆ. ನಿಜ ಹೇಳಬೇಕೆಂದರೆ ಅಲ್ಲಿ ನನಗೆ ನಿದ್ದೆ ಬಂತು. ಚಿಕಿತ್ಸೆಯೆಂದು ಬಾಲ್ಕನಿಯಲ್ಲಿ ಮಲಗುವ ಮುನ್ನ ಎರಡು ಕಂಬಳಿಗಳನ್ನು ಮೈಗೆ ಹೇಗೆ ಸುತ್ತಬೇಕೆಂದು ಯೋಆಕಿಮ್ ಕಲಿಸುವ ಪುಟಗಳನ್ನು ಮಾತ್ರ ಮತ್ತೆ ಮತ್ತೆ ಓದಿದೆ.

ದಾರಿ ತೋರಿಸಿದ್ದು ಪಂಚಾಂಗ. ಅಪ್ಪನ ಶ್ರಾದ್ಧದ ತಿಥಿ ನೋಡುತ್ತಿದ್ದಾಗ ‘ಕ್ಷಯತಿಥಿ’ ಕಣ್ಣಿಗೆ ಬಿತ್ತು. ಒಂದು ಸೂರ್ಯೋದಯದ ನಂತರ ಹುಟ್ಟಿ ಮುಂದಿನ ಸೂರ್ಯೋದಯಕ್ಕೆ ಮೊದಲೇ ಮುಗಿದುಹೋಗುವ ತಿಥಿ ಅದು, ಯಾವ ದಿನಕ್ಕೂ ಅದರ ಹೆಸರಿಲ್ಲ. ರೋಹಿಣಿಯೊಬ್ಬಳನ್ನೇ ಮೆಚ್ಚಿದ ಚಂದ್ರನಿಗೆ ದಕ್ಷ ಕೊಟ್ಟ ಶಾಪವೂ ಕ್ಷಯವೇ. ನಮ್ಮಲ್ಲಿ ಶ್ವಾಸಕೋಶದ ರೋಗಕ್ಕೂ ಕಳೆದುಹೋದ ಕಾಲಕ್ಕೂ ಒಂದೇ ಪದ! ಆ ಪದ ಹಿಡಿದು ಮೂರನೇ ಸಲ ಓದಿದೆ. ಹಾನ್ಸ್‌ನ ಮೊದಲ ಮೂರು ವಾರ ಮುಗಿಯುವ ಹೊತ್ತಿಗೆ ನಾಲ್ಕು ಅಧ್ಯಾಯ ಆಗಿರುತ್ತದೆ. ಉಳಿದ ವರ್ಷಗಳೆಲ್ಲ ಮೂರೇ ಅಧ್ಯಾಯದಲ್ಲಿ ಸೋರಿಹೋಗುತ್ತವೆ. ಕೊನೆಗೆ ಗಡಿಯಾರ ಬಿದ್ದು ಕೆಟ್ಟರೂ ಅವನು ರಿಪೇರಿ ಮಾಡಿಸುವುದಿಲ್ಲ. ರೋಗ ತಿಂದದ್ದು ಅವನ ಶ್ವಾಸಕೋಶವನ್ನಲ್ಲ, ತಿಥಿಗಳನ್ನು.

ಆಗ ದೊಡ್ಡಪ್ಪ ನೆನಪಾದರು. ನಮ್ಮದು ಹೊನ್ನಾವರದ ಕಡೆ, ಘಟ್ಟದ ಕೆಳಗೆ. ಅವರು ಐವತ್ತರ ದಶಕದಲ್ಲಿ ಘಟ್ಟ ಹತ್ತಿ ಮೈಸೂರಿನ ಸ್ಯಾನಿಟೋರಿಯಂ ಸೇರಿದ್ದರು. ಮನೆಯಲ್ಲೇ ಮಾತ್ರೆ ನುಂಗಿದರೂ ಸ್ಯಾನಿಟೋರಿಯಂನಷ್ಟೇ ಗುಣವಾಗುತ್ತದೆಂದು ಮದ್ರಾಸಿನ ಅಧ್ಯಯನ ತೋರಿಸಿದ್ದು 1959ರಲ್ಲಿ. ಅಷ್ಟರಲ್ಲಿ ಇವರು ವಾಪಸ್ ಬಂದಾಗಿತ್ತು. ಅಲ್ಲಿನ ಸುದ್ದಿ ಹೇಳುವಾಗ ಅವರ ಬಾಯಲ್ಲಿ ಇಸವಿ ಬರುತ್ತಿರಲಿಲ್ಲ. “ಪಕ್ಕದ ಮಂಚದಲ್ಲಿ ತಿಪಟೂರಿನವರು ಇದ್ದಾಗ”, “ಆ ಮಾಸ್ತರರು ಹೋದ ಮೇಲೆ”, ಹೀಗೆ. ಕಾದಂಬರಿಯಲ್ಲಿ ಯೋಆಕಿಮ್ ಮೊದಲ ದಿನವೇ ‘ನಾವು ಮೇಲಿನವರು’ ಅನ್ನುತ್ತಾನಲ್ಲ, ದೊಡ್ಡಪ್ಪನ ‘ಅಲ್ಲಿ ನಮಗೆಲ್ಲ’ ಎಂಬ ಮಾತಿಗೂ ಅದೇ ರಾಗವಿತ್ತು.

ಗುಣವಾಗಿದೆ ಎಂದು ಡಾಕ್ಟರು ಬರೆದುಕೊಟ್ಟಿದ್ದರೂ ದೊಡ್ಡಪ್ಪ ದಿನಾ ಮಧ್ಯಾಹ್ನ, ಕರಾವಳಿಯ ಸೆಕೆಯಲ್ಲಿ, ಜಗಲಿ ಮೇಲೆ ಕಂಬಳಿ ಹೊದ್ದು ಎರಡು ತಾಸು ಅಲುಗಾಡದೆ ಮಲಗುತ್ತಿದ್ದರು. ಮಕ್ಕಳು ಗಲಾಟೆ ಮಾಡಿದರೆ ದೊಡ್ಡಮ್ಮ ಒಳಗಿನಿಂದ ಗದರುತ್ತಿದ್ದಳು: “ಸುಮ್ಮನಿರಿ, ಇವರಿನ್ನೂ ಘಟ್ಟ ಇಳೀಲಿಲ್ಲ.”