ಮೆಟಲ್ ಡಿಟೆಕ್ಟರ್‌ಗೆ ಸಿಕ್ಕ ಉಂಗುರ ಯಾರದ್ದು ಅಂತ ಪತ್ತೆ ಮಾಡೋದು ಹೇಗೆ

ಡಿಟೆಕ್ಟರ್ ಹಿಡಿದು ತಿರುಗೋರಲ್ಲಿ ಹೆಚ್ಚಿನವರು ನಾಣ್ಯದ ಆಸೆಗೆ ಹೊರಟಿರ್ತಾರೆ. ನಾಣ್ಯ ಸಿಕ್ರೆ ಖುಷಿನೇ, ಆದ್ರೆ ಅದು ಎಷ್ಟೋ ಕೈ ದಾಟಿ ಬಂದಿರತ್ತೆ, ಕೊನೇಗೆ ಯಾರ ಜೇಬಿಂದ ಬಿತ್ತು ಅಂತ ಬ್ರಹ್ಮನಿಗೂ ಗೊತ್ತಾಗಲ್ಲ. ಒಳಮೈಯಲ್ಲಿ ಎರಡು ಅಕ್ಷರ, ಒಂದು ತಾರೀಖು ಕೆತ್ತಿರೋ ಮದುವೆ ಉಂಗುರ ಹಾಗಲ್ಲ. ಅದು ಒಬ್ಬರದ್ದೇ, ಅವರು ಅವತ್ತು ಕತ್ತಲಾಗೋವರೆಗೂ ಹುಡುಕಿರ್ತಾರೆ, ಮನೇಲಿ ಇವತ್ತಿಗೂ ಅದರ ಮಾತು ಬರ್ತಿರಬಹುದು. ಇಂಥ ವಸ್ತು ವಿಷಯದಲ್ಲಿ ಅಗೆದು ತೆಗೆಯೋದು ಅರ್ಧ ಕೆಲಸ ಅಷ್ಟೇ, ಬಹಳ ಜನ ಕೆಡಿಸೋದು ಉಳಿದ ಅರ್ಧವನ್ನ: ಮನೆಗೆ ಬಂದ ತಕ್ಷಣ ಉಜ್ಜಿ ತೊಳೆದು, ಒಳಗೆ ಹೊರಗೆ ಎಲ್ಲಾ ಫೋಟೋ ತೆಗೆದು, ಇರೋ ಬರೋ ಗ್ರೂಪಿಗೆಲ್ಲ ಹಾಕ್ಬಿಡ್ತಾರೆ. ಅದು ಯಾಕೆ ಬೇಡ ಅಂತ ಮುಂದೆ ಹೇಳ್ತೀನಿ.

ಮೊದಲು ಕಾನೂನಿನ ವಿಷಯ ಮುಗಿಸಿಬಿಡೋಣ. ಜಾಗದ ಮಾಲೀಕರ ಅನುಮತಿ ಇಲ್ಲದೆ ಎಲ್ಲೂ ಅಗೆಯೋ ಹಾಗಿಲ್ಲ, ಸ್ಮಾರಕಗಳ ಹತ್ತಿರ ಅಂತೂ ಹೋಗ್ಲೇಬೇಡಿ. ರೂಲ್ಸ್ ದೇಶ ದೇಶಕ್ಕೆ ಬೇರೆ. ಐರ್ಲೆಂಡಲ್ಲಿ ಪುರಾತನ ವಸ್ತು ಹುಡುಕೋಕೆ ಅಂತ ಲೈಸೆನ್ಸ್ ಇಲ್ಲದೆ ಡಿಟೆಕ್ಟರ್ ಬಳಸೋದೇ ಅಪರಾಧ, ಇಂಗ್ಲೆಂಡಲ್ಲಿ 1996ರ ಟ್ರೆಷರ್ ಆಕ್ಟ್ ಪ್ರಕಾರ 300 ವರ್ಷ ದಾಟಿದ ಚಿನ್ನ ಬೆಳ್ಳಿ ವಸ್ತು ಸಿಕ್ರೆ 14 ದಿನದೊಳಗೆ ತಿಳಿಸ್ಬೇಕು, ಭಾರತದಲ್ಲಿ 1878ರ ನಿಧಿ ಕಾಯ್ದೆ ಇನ್ನೂ ಜಾರಿಯಲ್ಲಿದೆ. ನಾವು ಮಾತಾಡ್ತಿರೋದು ಅಷ್ಟು ಹಳೇ ವಸ್ತುವಿನ ಬಗ್ಗೆ ಅಲ್ಲ, ಆದ್ರೆ ಇತ್ತೀಚೆಗೆ ಕಳೆದುಹೋದದ್ದಕ್ಕೂ ಮಾಲೀಕರು ಇದ್ದೇ ಇರ್ತಾರೆ, ಸಿಕ್ಕಿದ್ದನ್ನ ಸುಮ್ಮನೆ ಇಟ್ಕೊಂಡ್ರೆ ಕೆಲವು ದೇಶದಲ್ಲಿ ಅದು ಕಳ್ಳತನದ ಲೆಕ್ಕಕ್ಕೇ ಬರತ್ತೆ. ಬೆಲೆಬಾಳೋದು ಅನ್ನಿಸಿದ್ರೆ ಪೊಲೀಸರಿಗೆ ತಿಳಿಸಿ ಒಂದು ದಾಖಲೆ ಮಾಡಿಸ್ಕೊಳ್ಳಿ, ಇದು ನಿಮ್ಮ ರಕ್ಷಣೆಗೂ ಒಳ್ಳೇದು.

ಎಲ್ಲಿ ಹುಡುಕ್ಬೇಕು

ವಸ್ತು ಎಲ್ಲಿ ಬೀಳತ್ತೆ ಅಂತ ಯೋಚಿಸ್ಬೇಡಿ, ಜನ ಅಲ್ಲಿ ಕೈಯಲ್ಲಿ ಏನು ಮಾಡ್ತಿದ್ರು ಅಂತ ಯೋಚಿಸಿ. ತಣ್ಣೀರಲ್ಲಿ ಬೆರಳು ಸಣ್ಣಗಾಗತ್ತೆ, ಅದರ ಮೇಲೆ ಸನ್‌ಸ್ಕ್ರೀನ್ ಹಚ್ಚಿದ್ರೆ ಜಾರೋಕೆ ಇನ್ನೇನು ಬೇಕು, ಅದಕ್ಕೇ ಈಜೋ ಜಾಗದಲ್ಲಿ ಸೊಂಟದಿಂದ ಎದೆಮಟ್ಟದ ನೀರಲ್ಲಿ ಉಂಗುರ ಜಾಸ್ತಿ. ದಡದಲ್ಲಿ ಟವೆಲ್ ಕೊಡವೋ ಜಾಗ, ಚೆಂಡು ಎಸೆದು ಆಡೋ ಜಾಗ, ಹಿಮದ ಉಂಡೆ ಎಸೆಯೋ ಇಳಿಜಾರು, ಗ್ಲೌಸ್ ಬಿಚ್ಚೋ ಜಾಗ, ಕಾರ್ ಡೋರ್ ತೆಗೆಯೋ ಜಾಗ, ತೋಟದಲ್ಲಿ ಕಳೆ ಕಿತ್ತು ರಾಶಿ ಹಾಕೋ ಮೂಲೆ. ತೋಟದಲ್ಲಿ ಕಳೆದದ್ದಾದ್ರೆ ಕಾಂಪೋಸ್ಟ್ ಗುಂಡಿ ಮೊದಲು ನೋಡಿ, ಕಿತ್ತ ಕಳೆ ಜೊತೆ ಉಂಗುರಾನೂ ಅಲ್ಲಿಗೇ ಹೋಗಿರತ್ತೆ. ಸಮುದ್ರ ತೀರದಲ್ಲಿ ಜೋರು ಅಲೆ ಬಂದು ಮರಳು ಕೊಚ್ಚಿಹೋದ ಮೇಲೆ ಹೋಗಿ, ಆಗ ಭಾರದ ವಸ್ತುಗಳು ತಗ್ಗಲ್ಲಿ ಒಂದೇ ಕಡೆ ಸೇರಿರತ್ತೆ. ಒಂದು ಜಾಗದಲ್ಲಿ ಗಾಳಕ್ಕೆ ಕಟ್ಟೋ ಸೀಸದ ತೂಕ, ದೊಡ್ಡ ನಾಣ್ಯ ಒಟ್ಟಿಗೆ ಸಿಗ್ತಿದೆ ಅಂದ್ರೆ ಅಲ್ಲಿಂದ ಕದಲ್ಬೇಡಿ.

ಯಾರೋ ಕಳ್ಕೊಂಡೋರೇ ಬಂದು ನಿಮ್ಮನ್ನ ಕರೆದಿದ್ರೆ ಡಿಟೆಕ್ಟರ್ ಆನ್ ಮಾಡೋಕೆ ಮುಂಚೆ ಕೂತು ಮಾತಾಡಿ. ಸಾಮಾನ್ಯವಾಗಿ ಅವರು ತೋರಿಸೋದು ಉಂಗುರ ಇಲ್ಲ ಅಂತ ಗೊತ್ತಾದ ಜಾಗವನ್ನ, ಕಳೆದ ಜಾಗ ಬೇರೆಯೇ ಇರತ್ತೆ. ಅವತ್ತಿನ ಫೋಟೋ ಎಲ್ಲಾ ತೆಗೆಸಿ ನೋಡಿ, ಕೈಯಲ್ಲಿ ಉಂಗುರ ಇರೋ ಕೊನೇ ಫೋಟೋ ಯಾವುದು, ಇಲ್ಲದೇ ಇರೋ ಮೊದಲನೇ ಫೋಟೋ ಯಾವುದು, ಎರಡರ ಟೈಮ್ ನೋಡಿ ಆ ಮಧ್ಯೆ ಎಲ್ಲೆಲ್ಲಿ ಹೋಗಿದ್ರು ಅಂತ ಕೇಳಿ. ಹಿಂದೆ ಕಾಣೋ ಮರ, ಕಂಬ ಇಟ್ಕೊಂಡು ನಿಂತಿದ್ದ ಜಾಗಾನೂ ಹಿಡೀಬಹುದು. ಆಮೇಲೆ ಹಗ್ಗ ಕಟ್ಟಿ ಪಟ್ಟಿ ಪಟ್ಟಿಯಾಗಿ, ಡಿಟೆಕ್ಟರಿನ ಒಂದು ಬೀಸು ಇನ್ನೊಂದರ ಮೇಲೆ ಅರ್ಧ ಬರೋ ಹಾಗೆ ಹೋಗಿ. ಹಗ್ಗ ಇಲ್ಲದೆ ಅಂದಾಜಲ್ಲಿ ಸುತ್ತೋದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಸಿಗ್ನಲ್ ಬಗ್ಗೆ ಒಂದು ಮಾತು. ಚಿನ್ನದ ಉಂಗುರ ಸ್ಕ್ರೀನ್ ಮೇಲೆ ತೋರಿಸೋ ನಂಬರ್ ಸಿಗರೇಟ್ ಪ್ಯಾಕಿನ ಫಾಯಿಲ್‌ನಿಂದ ಹಿಡಿದು ಕ್ಯಾನ್ ಮುಚ್ಚಳದ ಪುಲ್‌ಟ್ಯಾಬ್ ತನಕ ಎಲ್ಲಿ ಬೇಕಾದ್ರೂ ಬರತ್ತೆ, ಯಾಕಂದ್ರೆ ಗಾತ್ರ, ದಪ್ಪ, ಬೆರೆಸಿದ ಲೋಹ ಎಲ್ಲದರ ಮೇಲೂ ಅದು ನಿಂತಿದೆ. ಕಸ ಬೇಡ ಅಂತ ಡಿಸ್ಕ್ರಿಮಿನೇಶನ್, ಅಂದ್ರೆ ಕೆಲವು ನಂಬರಿಗೆ ಮಷಿನ್ ಸುಮ್ಮನಿರೋ ಸೆಟ್ಟಿಂಗ್, ಏರಿಸಿದ್ರೆ ಉಂಗುರಾನೂ ಬಿಟ್ಟು ಬರ್ತೀರಿ. ಇನ್ನೊಂದು, ಡಿಟೆಕ್ಟರ್ ಕೆಲಸ ಮಾಡೋದು ಲೋಹದೊಳಗೆ ಸುತ್ತೋ ಕರೆಂಟ್‌ನಿಂದ, ಪೂರ್ತಿ ಬಳೆಯಾಗಿರೋ ಉಂಗುರದಲ್ಲಿ ಅದು ಚೆನ್ನಾಗಿ ಸುತ್ತತ್ತೆ, ಒಂದು ಕಡೆ ಬಿರುಕು ಬಿಟ್ಟ ಉಂಗುರದಲ್ಲಿ ಸಿಗ್ನಲ್ ತುಂಬಾ ಸಣ್ಣಗಾಗತ್ತೆ. ಸರ ಅಂತೂ ಇನ್ನೂ ಕಷ್ಟ, ಎಷ್ಟೇ ಉದ್ದ ಇದ್ರೂ ಮಷಿನ್‌ಗೆ ಅದು ಬಿಡಿ ಬಿಡಿ ಸಣ್ಣ ಕೊಂಡಿ, ಕೇಳಿಸೋದು ಬರೀ ಹುಕ್ ಅಥವಾ ಪದಕ. ಹಾಗಾಗಿ ಒಂದು ಸಣ್ಣ ಹುಕ್ ಸಿಕ್ರೆ ಅದನ್ನ ಬಿಸಾಕಿ ಮುಂದೆ ಹೋಗ್ಬೇಡಿ, ಆ ಮಣ್ಣನ್ನ ಬೆರಳಲ್ಲಿ ಕೆದಕಿ ನೋಡಿ. ಉಪ್ಪುನೀರಿನ ಒದ್ದೆ ಮರಳಲ್ಲಿ ಸಿಂಗಲ್ ಫ್ರೀಕ್ವೆನ್ಸಿ ಮಷಿನ್ ಸುಮ್ಸುಮ್ನೆ ಕೂಗ್ತಾ ಇರತ್ತೆ, ಅಲ್ಲಿಗೆ ಒಟ್ಟಿಗೆ ಹಲವು ಫ್ರೀಕ್ವೆನ್ಸಿ ಬಳಸೋ ಮಲ್ಟಿ ಫ್ರೀಕ್ವೆನ್ಸಿ ಮಷಿನ್ ಅಥವಾ ಬಿಟ್ಟು ಬಿಟ್ಟು ಕರೆಂಟ್ ಹರಿಸೋ ಪಲ್ಸ್ ಇಂಡಕ್ಷನ್ ಮಷಿನ್ ಬೇಕು.

ತೆಗೆದ ತಕ್ಷಣ

ಉಜ್ಜಬೇಡಿ. ಮೊದಲು ಗುಂಡಿಯಲ್ಲಿ ಇರೋ ಹಾಗೇ ಒಂದು ಫೋಟೋ, ಲೊಕೇಶನ್ ಪಿನ್, ಎಷ್ಟು ಆಳ, ಪಕ್ಕದಲ್ಲಿ ಏನಿತ್ತು ಅಷ್ಟು ಬರ್ಕೊಳ್ಳಿ. ಪಕ್ಕದ ಕಸ ಕಾಲ ಹೇಳತ್ತೆ: ಪೂರ್ತಿ ಕಿತ್ತು ಬರೋ ಬಳೆ ಥರದ ಹಳೇ ಪುಲ್‌ಟ್ಯಾಬ್ 1960ರ ದಶಕದಲ್ಲಿ ಬಂದದ್ದು, ಕ್ಯಾನಿಗೇ ಅಂಟಿಕೊಂಡಿರೋ ಈಗಿನ ನಮೂನೆ 1970ರ ದಶಕದ ಮಧ್ಯದಿಂದ ಬಂತು. ಒಂದೇ ಪದರದಲ್ಲಿ ಹಳೇದು ಜೊತೆಗಿದ್ರೆ ಒಂದು ಅಂದಾಜು ಸಿಕ್ಕ ಹಾಗೆ, ಸಾಕ್ಷಿ ಅಂತ ಹೇಳೋಕಾಗಲ್ಲ, ಭಾರದ ವಸ್ತು ಮರಳಲ್ಲಿ ಕೆಳಗಿಳೀತಾ ಹೋಗತ್ತೆ.

ಮೂಳೆ ಕಂಡ್ರೆ, ಬಾಂಬು ಗುಂಡು ಥರ ಏನಾದ್ರೂ ಕಂಡ್ರೆ ಕೈ ಹಿಂದಕ್ಕೆ ತಗೊಂಡು ಪೊಲೀಸರಿಗೆ ಫೋನ್ ಮಾಡಿ. ನಂಬರ್ ಒತ್ತಿರೋ ಒಂದು ದುಂಡನೆ ಬಿಲ್ಲೆ, ಅದರಲ್ಲಿ ಚಿತಾಗಾರದ ಹೆಸರಿದ್ರೆ ಅದು ಶವಸಂಸ್ಕಾರದ ಸಮಯದಲ್ಲಿ ಗುರುತಿಗೆ ಹಾಕೋ ಬಿಲ್ಲೆ, ಅಂದ್ರೆ ಅಲ್ಲಿ ಯಾರೋ ತಮ್ಮವರ ಬೂದಿ ಬಿಟ್ಟಿದ್ದಾರೆ ಅಂತ. ಅದು ಕಳೆದುಹೋದ ವಸ್ತು ಅಲ್ಲ, ಇದ್ದಲ್ಲೇ ಮುಚ್ಚಿಬಿಡಿ.

ಮನೆಗೆ ಬಂದ ಮೇಲೆ ಚಿನ್ನಕ್ಕೆ ನೀರು, ಮೆತ್ತನೆ ಬ್ರಷ್ ಸಾಕು. ಬೆಳ್ಳಿ, ತಾಮ್ರ, ಗಿಲೀಟು ಏನೇ ಇದ್ರೂ ಟೂತ್‌ಪೇಸ್ಟ್, ನಿಂಬೆಹುಳಿ, ಪಾಲಿಶ್ ಹತ್ತಿರ ತರ್ಬೇಡಿ, ಕೆತ್ತನೆ ಮೇಲಿನ ಅರ್ಧ ಅಳಿಸಿದ ಗೆರೆ ಹೋದ್ರೆ ಅಕ್ಷರಾನೇ ಹೋದ ಹಾಗೆ. ಲಾಕೆಟ್ ಆದ್ರೆ ಬಲವಂತವಾಗಿ ಬಾಯಿ ಬಿಡಿಸ್ಬೇಡಿ, ಒಳಗೆ ಫೋಟೋನೋ ಕೂದಲಿನ ಎಳೆಯೋ ಇರಬಹುದು, ಒದ್ದೆ ಕಾಗದ ದಿಢೀರಂತ ಒಣಗಿದ್ರೆ ಸುರುಟಿ ಪುಡಿಯಾಗತ್ತೆ. ಒದ್ದೆಯಾಗೇ ಡಬ್ಬಿಯಲ್ಲಿಟ್ಟು ಸಂರಕ್ಷಣೆ ಗೊತ್ತಿರೋರ ಕೈಗೆ ಕೊಡಿ.

ಕೆತ್ತನೆ ಓದೋಕೆ ನೇರ ಬೆಳಕು ಪ್ರಯೋಜನ ಇಲ್ಲ. ರೂಮ್ ಕತ್ತಲೆ ಮಾಡಿ, ಉಂಗುರ ನಿಲ್ಲಿಸಿ, ಟಾರ್ಚನ್ನ ಮೇಲ್ಮೈಗೆ ಹೆಚ್ಚುಕಮ್ಮಿ ಮಟ್ಟಸವಾಗಿ ಪಕ್ಕದಿಂದ ಬಿಡಿ, ನಿಧಾನಕ್ಕೆ ಸುತ್ತಲೂ ತಿರುಗಿಸಿ. ಒಂದು ಕೋನದಲ್ಲಿ ಬರೀ ಗೀರು ಅನ್ನಿಸಿದ್ದು ಇನ್ನೊಂದು ಕೋನದಲ್ಲಿ ನೆರಳು ತುಂಬ್ಕೊಂಡು 8 ಆಗತ್ತೆ, ಅದು 3 ಅಲ್ಲ ಅಂತ ಗ್ಯಾರಂಟಿ ಆಗೋವರೆಗೂ ಪ್ರತಿ ಕೋನದಲ್ಲೂ ಒಂದೊಂದು ಫೋಟೋ ತೆಗೀರಿ. ಓದಿದ್ದನ್ನ ಹಾಗೇ ಬರೀರಿ, ಗೊತ್ತಾಗದ ಅಕ್ಷರದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಊಹೆಯಿಂದ ತುಂಬಿಸ್ಬೇಡಿ.

ಗುರುತುಗಳು ಏನು ಹೇಳತ್ತೆ

375 ಅಂದ್ರೆ 9 ಕ್ಯಾರೆಟ್, 585 ಅಂದ್ರೆ 14, 750 ಅಂದ್ರೆ 18, 916 ಅಂದ್ರೆ 22, ಬೆಳ್ಳಿಗೆ 925. ಜಿಎಫ್ ಅಂತಿದ್ರೆ ಗೋಲ್ಡ್ ಫಿಲ್ಡ್, ಮೇಲೆ ಚಿನ್ನದ ಪದರ ಅಷ್ಟೇ. ಇದರಿಂದ ಬೆಲೆ ಗೊತ್ತಾಗತ್ತೆ, ಮಾಲೀಕರು ಗೊತ್ತಾಗಲ್ಲ. ಬ್ರಿಟಿಷ್ ಹಾಲ್‌ಮಾರ್ಕ್ ಇದ್ರೆ ಮಾತ್ರ ಲಾಟರಿ: ಲಂಗರು ಇದ್ರೆ ಬರ್ಮಿಂಗ್ಹ್ಯಾಮ್, ಚಿರತೆ ತಲೆ ಇದ್ರೆ ಲಂಡನ್, ಪಕ್ಕದಲ್ಲಿ ಒಂದು ಅಕ್ಷರ ಇರತ್ತೆ, ಅದೇ ವರ್ಷದ ಗುರುತು. ಆದ್ರೆ ಮುದ್ರೆ ಒತ್ತೋ ಒಂದೊಂದು ಊರಿನ ಕಚೇರಿಯ ಅಕ್ಷರದ ಸರಣಿ ಬೇರೆ ಬೇರೆ ನಡೀತಿತ್ತು, ಹಾಗಾಗಿ ಮೊದಲು ಊರು ಗುರುತಿಸಿ, ಆಮೇಲೆ ಆ ಊರಿನ ಪಟ್ಟಿಯಲ್ಲಿ ಅಕ್ಷರದ ಶೈಲಿ, ಸುತ್ತಲಿನ ಚೌಕಟ್ಟು ಎರಡೂ ಹೊಂದಿಸಿ. 1999ರಿಂದ ಈ ವರ್ಷದ ಅಕ್ಷರ ಕಡ್ಡಾಯ ಇಲ್ಲ. ಮತ್ತೆ ಅದು ಮುದ್ರೆ ಒತ್ತಿದ ವರ್ಷ, ಮದುವೆಯಾದ ವರ್ಷ ಅಲ್ಲ, ಅಜ್ಜಿ ಉಂಗುರ ಮೊಮ್ಮಗಳು ಕಳ್ಕೊಂಡಿರಬಹುದು.

ಮದುವೆ ಉಂಗುರದ ತಾರೀಖಲ್ಲಿ ಎಡವೋ ಜಾಗ ಒಂದಿದೆ. 4-7-52 ಅನ್ನೋದು ಅಮೆರಿಕದಲ್ಲಿ ಏಪ್ರಿಲ್ 7, ಬೇರೆ ಬಹಳ ಕಡೆ ಜುಲೈ 4. ಎರಡೂ ತಾರೀಖಿಗೆ ಹುಡುಕಿ. ಹೆಸರಿನ ಮೊದಲಕ್ಷರ ಸೇರಿಸಿ ಮಾಡಿದ ಮೂರಕ್ಷರದ ಮಾನೋಗ್ರಾಮಲ್ಲಿ ಮಧ್ಯದ ಅಕ್ಷರ ದೊಡ್ಡದಿದ್ರೆ ಸಾಮಾನ್ಯವಾಗಿ ಅದು ಮನೆತನದ ಹೆಸರು, ಮೂರೂ ಒಂದೇ ಸೈಜ್ ಇದ್ರೆ ಕೊನೇದು.

ಅಮೆರಿಕದ ಶಾಲೆ ಕಾಲೇಜಿನ ಕ್ಲಾಸ್ ರಿಂಗ್, ಅಂದ್ರೆ ಓದು ಮುಗಿಸಿದ ನೆನಪಿಗೆ ಹಾಕೋ ಉಂಗುರ, ಸಿಕ್ರೆ ಅದೃಷ್ಟ ಅನ್ಕೊಳ್ಳಿ, ಶಾಲೆ, ವರ್ಷ, ಒಳಗೆ ಇನಿಶಿಯಲ್ ಮೂರೂ ಇರತ್ತೆ. ಆ ವರ್ಷದ ವಿದ್ಯಾರ್ಥಿಗಳ ಹೆಸರು ಫೋಟೋ ಇರೋ ಇಯರ್‌ಬುಕ್ ತೆಗೆದು ಇನಿಶಿಯಲ್ ಹೊಂದೋರ ಪಟ್ಟಿ ಮಾಡಿದ್ರೆ ಬೆರಳೆಣಿಕೆ ಹೆಸರು ಉಳಿಯತ್ತೆ. ಹುಡುಗಿಯ ರಿಂಗ್ ಆದ್ರೆ ಅಲ್ಲಿರೋದು ತವರಿನ ಹೆಸರು, ಮದುವೆ ರಿಜಿಸ್ಟರ್ ನೋಡದೆ ಮುಂದೆ ದಾರಿ ಇಲ್ಲ.

ಜೇಬುಗಡಿಯಾರದಲ್ಲಿ ಎರಡು ನಂಬರ್ ಇರತ್ತೆ, ಕೇಸಿನ ಮೇಲೆ ಒಂದು, ಒಳಗಿನ ಯಂತ್ರದ ಮೇಲೆ ಒಂದು. ಎಲ್ಜಿನ್, ವಾಲ್ತಮ್ ಥರದ ಅಮೆರಿಕನ್ ಕಂಪನಿಗಳ ವರ್ಷ ಗೊತ್ತಾಗೋದು ಯಂತ್ರದ ನಂಬರಿಂದ. ಹಿಂಬದಿ ಮುಚ್ಚಳದ ಒಳಗೆ ಸೂಜಿಯಲ್ಲಿ ಗೀರಿದ ಹಾಗೆ ಕಾಣೋದು ರಿಪೇರಿ ಮಾಡಿದೋರು ಹಾಕಿದ ಗುರುತು.

ಸೈನಿಕರ ವಸ್ತು ಬೇರೆ ಲೋಕ. ಮೊದಲ ಮಹಾಯುದ್ಧದ ಬ್ರಿಟಿಷ್ ವಾರ್ ಮೆಡಲ್, ವಿಕ್ಟರಿ ಮೆಡಲ್ ಅಂಚಲ್ಲಿ ನಂಬರ್, ಹೆಸರು, ರೆಜಿಮೆಂಟ್ ಎಲ್ಲಾ ಒತ್ತಿರ್ತಾರೆ, ಎರಡನೇ ಯುದ್ಧದಲ್ಲಿ ಬ್ರಿಟಿಷ್ ಸೈನಿಕರಿಗೆ ಕೊಟ್ಟದ್ದರಲ್ಲಿ ಸಾಮಾನ್ಯವಾಗಿ ಹೆಸರಿರಲ್ಲ. ಅಮೆರಿಕನ್ ಸೈನ್ಯದ ಕುತ್ತಿಗೆ ಬಿಲ್ಲೆಯಲ್ಲಿ ಟಿ ಅಕ್ಷರದ ಮುಂದೆ ಎರಡಂಕಿ ಇದ್ರೆ ಟೆಟನಸ್ ಇಂಜೆಕ್ಷನ್ ಹಾಕಿದ ವರ್ಷ, 1941ರ ಕೊನೆಯಿಂದ 1943ರ ಮಧ್ಯದವರೆಗಿನ ಬಿಲ್ಲೆಯಲ್ಲಿ ಹತ್ತಿರದ ಸಂಬಂಧಿಯ ಹೆಸರು ವಿಳಾಸಾನೇ ಇರ್ತಿತ್ತು. 1969ರ ನಂತರದ ಬಿಲ್ಲೆಯಾದ್ರೆ ಜೋಕೆ, ಅಲ್ಲಿ ಸರ್ವಿಸ್ ನಂಬರ್ ಬದಲು ಸೋಶಿಯಲ್ ಸೆಕ್ಯುರಿಟಿ ನಂಬರ್, ಅಂದ್ರೆ ಅಲ್ಲಿನ ಜನರ ಖಾಸಗಿ ಸರ್ಕಾರಿ ಗುರುತಿನ ಸಂಖ್ಯೆ, ಬರೋಕೆ ಶುರುವಾಯ್ತು, ಅದರ ಫೋಟೋ ಎಲ್ಲೂ ಹಾಕ್ಬೇಡಿ. ದಾಖಲೆ ಸಿಗ್ಲಿಲ್ಲ ಅಂದ್ರೆ ಆ ಮನುಷ್ಯ ಇರ್ಲೇ ಇಲ್ಲ ಅಂತಲ್ಲ: 1940ರ ಬಾಂಬ್ ದಾಳಿಯಲ್ಲಿ ಲಂಡನ್ನಿನ ಮೊದಲ ಯುದ್ಧದ ಕಡತಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಸುಟ್ಟುಹೋಯ್ತು, 1973ರ ಜುಲೈನಲ್ಲಿ ಅಮೆರಿಕದ ಸೇಂಟ್ ಲೂಯಿಸ್ ಊರಿನ ಸೈನಿಕ ದಾಖಲೆ ಕಚೇರಿಯ ಬೆಂಕಿಯಲ್ಲಿ 1.6 ಕೋಟಿಯಿಂದ 1.8 ಕೋಟಿ ಕಡತ ಹೋಯ್ತು.

ಹೆಸರಿನಿಂದ ಮನುಷ್ಯರ ತನಕ

ಮೊದಲು ಜಾಗದಿಂದ ಶುರು ಮಾಡಿ. ಆ ಜಮೀನು ಹಿಂದೆ ಯಾರದ್ದಿತ್ತು, ಅಲ್ಲಿ ಕ್ಯಾಂಪ್ ನಡೀತಿತ್ತಾ, ಮೇಳ ಸೇರ್ತಿತ್ತಾ, ಹಳೇ ಮ್ಯಾಪು ತೆಗೆದು ನೋಡಿ, ಅಕ್ಕಪಕ್ಕದ ವಯಸ್ಸಾದೋರನ್ನ ಕೇಳಿ. ಆಮೇಲೆ ಹಳೇ ಪತ್ರಿಕೆ. ಕಳೆದುಹೋಗಿದೆ, ಸಿಕ್ಕಿದ್ರೆ ತಿಳಿಸಿ ಅನ್ನೋ ಸಣ್ಣ ಜಾಹೀರಾತುಗಳು ಬಂಗಾರದ ಗಣಿ, ಆಸ್ಟ್ರೇಲಿಯಾದ ಟ್ರೋವ್, ನ್ಯೂಜಿಲೆಂಡಿನ ಪೇಪರ್ಸ್ ಪಾಸ್ಟ್, ಅಮೆರಿಕದ ಕ್ರಾನಿಕ್ಲಿಂಗ್ ಅಮೆರಿಕಾ ವೆಬ್‌ಸೈಟುಗಳಲ್ಲಿ ಫ್ರೀಯಾಗಿ ಹುಡುಕಬಹುದು. ಹೆಸರು ಸಿಕ್ಕ ಮೇಲೆ ವಂಶಾವಳಿ ಹುಡುಕೋ ಫ್ಯಾಮಿಲಿಸರ್ಚ್ ವೆಬ್‌ಸೈಟ್, ಜನಗಣತಿ ದಾಖಲೆ. ಅಮೆರಿಕ 72 ವರ್ಷ ಆದ್ಮೇಲೆ ಬಿಡತ್ತೆ, ಹಾಗಾಗಿ 1950ರದ್ದು 2022ರಲ್ಲಿ ಬಂತು. ಇಂಗ್ಲೆಂಡಿನ 1921ರದ್ದೂ ಅದೇ ವರ್ಷ ಬಂತು, 1931ರದ್ದು ಮಾತ್ರ ಹುಡುಕ್ಬೇಡಿ, 1942ರಲ್ಲೇ ಸುಟ್ಟುಹೋಗಿದೆ. ಸತ್ತವರಾಗಿದ್ರೆ ನಿಧನವಾರ್ತೆ ನೋಡಿ, ಅದರ ಕೊನೇ ಸಾಲಲ್ಲಿ ಮಕ್ಕಳು ಮೊಮ್ಮಕ್ಕಳ ಹೆಸರಿರತ್ತೆ, ಬದುಕಿರೋರ ಜಾಡು ಅಲ್ಲೇ ಸಿಗೋದು.

ಎರಡು ಕಡೆಯಿಂದ ಹೊಂದೋವರೆಗೂ ಇವರೇ ಅಂತ ತೀರ್ಮಾನ ಮಾಡ್ಬೇಡಿ. ಇನಿಶಿಯಲ್ ಹೊಂದಿದ್ರೆ ಸಾಲದು, ತಾರೀಖು ಅಥವಾ ಜಾಗಾನೂ ಹೊಂದ್ಬೇಕು.

ಈಗ ಆ ಫೋಟೋ ವಿಷಯ. ಪೋಸ್ಟ್ ಹಾಕೋದಾದ್ರೆ ಇಂಥ ಪ್ರದೇಶದಲ್ಲಿ ಒಂದು ಉಂಗುರ ಸಿಕ್ಕಿದೆ, ಒಳಗೆ ಬರಹ ಇದೆ, ಅಷ್ಟೇ ಹಾಕಿ. ಬರಹ ಏನು, ಕಲ್ಲು ಯಾವ ಬಣ್ಣ, ಸೈಜ್ ಎಷ್ಟು ಅದನ್ನೆಲ್ಲ ನಿಮ್ಮ ಹತ್ರಾನೇ ಇಟ್ಕೊಳ್ಳಿ, ನಂದು ಅಂತ ಬರೋರು ಹೇಳ್ಬೇಕಾದ್ದು ಅದು. ಎಲ್ಲಾ ಬಿಚ್ಚಿಟ್ಮೇಲೆ ನಿಜವಾದೋರು ಯಾರು, ಸುಳ್ಳು ಯಾರು ಅಂತ ನೀವು ಯಾವ ಆಧಾರದ ಮೇಲೆ ಹೇಳ್ತೀರಿ? ಜಾಗದ ಪಿನ್ ಕೂಡ ಹಾಕ್ಬೇಡಿ, ನಾಳೆಯಿಂದ ಅಲ್ಲಿ ಜಾತ್ರೆ.

ಮನೆಯವರಿಗೆ ಮೊದಲ ಸಲ ಬರೆಯೋವಾಗ ಚಿಕ್ಕದಾಗಿ ಬರೀರಿ, ಯಾಕಂದ್ರೆ ಇದ್ದಕ್ಕಿದ್ದ ಹಾಗೆ ಯಾರೋ ನಿಮ್ಮ ಅಜ್ಜನ ಪದಕ ನನ್ನ ಹತ್ರ ಇದೆ ಅಂದ್ರೆ ಯಾರಾದ್ರೂ ಮೋಸ ಅಂತಾನೇ ಅನ್ಕೊಳ್ಳೋದು. ನೀವು ಯಾರು, ಎಲ್ಲಿ ಸಿಕ್ತು, ದುಡ್ಡು ಏನೂ ಬೇಡ, ಇಷ್ಟು ಮೂರು ಸಾಲು. ಅವರ ಬ್ಯಾಂಕ್ ವಿವರ, ಪೋಸ್ಟ್ ಖರ್ಚು ಅಂತೆಲ್ಲ ಮೊದಲ ಮೆಸೇಜಲ್ಲಿ ಎತ್ಲೇಬೇಡಿ. ಮತ್ತೆ ಉಂಗುರ ಕಳೆದದ್ದೇ ಅಂತ ಅನ್ಕೋಬೇಡಿ, ಜಗಳ ಆಗಿ ಎಸೆದದ್ದೂ ಇರತ್ತೆ, ಗಂಡನಿಗೆ ಗೊತ್ತಿಲ್ಲದ ಉಂಗುರಾನೂ ಇರಬಹುದು, ಅದಕ್ಕೇ ಮೆಸೇಜ್ ಕೆತ್ತನೆಯಲ್ಲಿ ಹೆಸರಿರೋರಿಗೇ ಹೋಗ್ಲಿ, ಅವರ ಫೇಸ್‌ಬುಕ್ ಗೋಡೆ ಮೇಲೆ, ಮಕ್ಕಳಿಗೆ ಟ್ಯಾಗ್ ಮಾಡಿ ಬೇಡ. ಬೇಡ ಅಂದ್ರೆ ಯಾಕೆ ಅಂತ ಕೇಳೋಕೆ ಹೋಗ್ಬೇಡಿ, ಅದನ್ನ ಏನು ಮಾಡ್ಲಿ ಅಂತ ಒಂದು ಮಾತು ಕೇಳಿ ಅವರು ಹೇಳಿದ ಹಾಗೆ ಮಾಡಿ. ಬೇಕು ಅಂದ್ರೆ, ಸಿಕ್ಕ ದಿನದ ಗುಂಡಿ ಫೋಟೋ, ನಿಮ್ಮ ನೋಟ್ಸ್ ಎಲ್ಲಾ ಪ್ರಿಂಟ್ ತೆಗೆದು ವಸ್ತು ಜೊತೆಗೇ ಕೊಡಿ, ಪೋಸ್ಟಲ್ಲಿ ಕಳಿಸೋದಾದ್ರೆ ಇನ್ಶೂರೆನ್ಸ್ ಮಾಡಿಸಿ.