ಪೆಟ್ಟಿಗೆಯೊಳಗೆ ಏನಿದೆ?

ಏಳು ಸೆಕೆಂಡಿನ ದೃಶ್ಯ ಅದು. ಮುದುಕನೊಬ್ಬ ನಡೆದು ಬರುತ್ತಾನೆ, ನೆಲದ ಮೇಲಿರುವ ಮರದ ಪೆಟ್ಟಿಗೆಯನ್ನು ಎತ್ತುತ್ತಾನೆ, ತಿರುಗಿ ಎರಡು ಹೆಜ್ಜೆ ಇಡುತ್ತಾನೆ. ಸೆಕೆಂಡಿಗೆ 24 ಫ್ರೇಮಿನಂತೆ, ಅಂದರೆ 24 ಬಿಡಿ ಚಿತ್ರಗಳಂತೆ, ಒಟ್ಟು 168 ಫ್ರೇಮ್. ಬ್ಲೆಂಡರ್ ಎಂಬ ಅನಿಮೇಷನ್ ತಂತ್ರಾಂಶದಲ್ಲಿ ಅದನ್ನು ಮಾಡಿ ಮುಗಿಸಲು ಎರಡು ತಿಂಗಳ ಸಂಜೆಗಳು ಬೇಕಾದವು. ಮುದುಕನ ಗಡ್ಡದ ಕೂದಲನ್ನು ಬಾಚಿದೆ, ಕಿಟಕಿಯಿಂದ ಬೀಳುವ ಬಿಸಿಲಿನಲ್ಲಿ ಧೂಳಿನ ಕಣಗಳನ್ನು ತೇಲಿಬಿಟ್ಟೆ, ಪೆಟ್ಟಿಗೆಯ ಮೂಲೆಗಳಿಗೆ ತುಕ್ಕು ಹಿಡಿದ ಪಟ್ಟಿ ಹೊಡೆದೆ. ಒಂದು ಫ್ರೇಮ್ ರೆಂಡರ್ ಆಗಲು, ಅಂದರೆ ಕಂಪ್ಯೂಟರ್ ಅದರ ಪೂರ್ಣ ಚಿತ್ರ ಬಿಡಿಸಲು, ಮೂರು ನಿಮಿಷ ಹಿಡಿಯುತ್ತಿತ್ತು, ಇಡೀ ದೃಶ್ಯಕ್ಕೆ ಎಂಟು ಗಂಟೆಗೂ ಹೆಚ್ಚು. ರಾತ್ರಿ ಕಂಪ್ಯೂಟರನ್ನು ಕೆಲಸಕ್ಕೆ ಹಚ್ಚಿ ಮಲಗಿದೆ. ಬೆಳಿಗ್ಗೆ ಎದ್ದು ನೋಡಿದಾಗ ಆದ ಸಂತೋಷ ನನಗೆ ಇನ್ನೂ ನೆನಪಿದೆ.

ನಮ್ಮದು ಆರು ಜನರ ಗುಂಪು. ಯಾರಿಗೂ ಅನಿಮೇಷನ್ ಹೊಟ್ಟೆಪಾಡಲ್ಲ. ಎರಡು ವಾರಕ್ಕೊಮ್ಮೆ ಸೇರಿ, ಅಷ್ಟರಲ್ಲಿ ಮಾಡಿದ್ದನ್ನು ಒಬ್ಬರಿಗೊಬ್ಬರು ತೋರಿಸುತ್ತೇವೆ. ನನ್ನ ದೃಶ್ಯವನ್ನು ಎಲ್ಲರೂ ಮೂರು ಸಲ ನೋಡಿದರು. ಬೆಳಕು ಚೆನ್ನಾಗಿದೆ ಎಂದರು, ಗಡ್ಡ ಚೆನ್ನಾಗಿದೆ ಎಂದರು. ಕೊನೆಗೆ ಒಬ್ಬ ಗೆಳತಿ ಕೇಳಿದಳು: “ಪೆಟ್ಟಿಗೆಯೊಳಗೆ ಏನಿದೆ? ಖಾಲಿ ಇದೆಯೆ?”

ಪೆಟ್ಟಿಗೆಯ ತುಂಬ ಮುದುಕನ ಹಳೆಯ ಕಬ್ಬಿಣದ ಹತಾರಗಳಿವೆ ಎಂಬುದೇ ನನ್ನ ಕಥೆಯ ಜೀವಾಳ. ಆ ಭಾರವೇ ಕಾಣಿಸದಿದ್ದರೆ ಧೂಳು, ಗಡ್ಡ, ತುಕ್ಕು ಯಾವುದಕ್ಕೂ ಅರ್ಥವಿಲ್ಲ. ಅವಳು ಹೇಳಿದ್ದು ನಿಜವೆಂದು ಆ ಕ್ಷಣವೇ ಹೊಳೆಯಿತು. ಆದರೆ ತಪ್ಪು ಎಲ್ಲಿದೆ ಎಂಬುದು ತಿಳಿಯಲಿಲ್ಲ.

ಮನೆಗೆ ಬಂದು ಒಂದು ಟ್ರಂಕಿನ ತುಂಬ ಪುಸ್ತಕ ಜೋಡಿಸಿ, ಮೊಬೈಲನ್ನು ಎದುರಿಗಿಟ್ಟು, ನಾನೇ ಅದನ್ನು ಎತ್ತಿ ಚಿತ್ರೀಕರಿಸಿಕೊಂಡೆ. ಈ ಕೆಲಸವನ್ನು ಮೊದಲೇ ಮಾಡಬೇಕಿತ್ತು. ವಿಡಿಯೊವನ್ನು ಒಂದೊಂದೇ ಫ್ರೇಮಿನಂತೆ ಮುಂದಕ್ಕೆ ಸರಿಸುತ್ತ ನೋಡಿದಾಗ ಕಂಡದ್ದನ್ನು ನಾನು ಊಹಿಸಿಯೂ ಇರಲಿಲ್ಲ. ಎತ್ತುವ ಮೊದಲು ನಾನು ಒಮ್ಮೆ ಹಿಡಿಕೆಯನ್ನು ಎಳೆದು ನೋಡುತ್ತೇನೆ, ಕಾಲನ್ನು ಸ್ವಲ್ಪ ಅಗಲಿಸುತ್ತೇನೆ. ಮೊದಲು ಮೇಲೇಳುವುದು ಸೊಂಟ. ತೋಳು ಹಗ್ಗದಂತೆ ಬಿಗಿಯಾಗುತ್ತದೆ, ಆದರೂ ಟ್ರಂಕ್ ಕದಲುವುದಿಲ್ಲ. ಆಮೇಲೆ ನನ್ನ ಕಡೆಯ ಅಂಚು ನೆಲ ಬಿಡುತ್ತದೆ, ಇನ್ನೂ ಸ್ವಲ್ಪ ಹೊತ್ತಿಗೆ ಆಚೆಯ ಅಂಚು. ಟ್ರಂಕ್ ನೆಲ ಬಿಟ್ಟೊಡನೆ ಮೈ ಹಿಂದಕ್ಕೆ ವಾಲುತ್ತದೆ. ಹಾಗೆ ವಾಲದಿದ್ದರೆ ಮುಂದಕ್ಕೆ ಮುಗ್ಗರಿಸುತ್ತಿದ್ದೆ, ಏಕೆಂದರೆ ಈಗ ಪಾದಗಳ ಮೇಲೆ ಸರಿತೂಗಬೇಕಾದದ್ದು ನಾನೊಬ್ಬನೇ ಅಲ್ಲ, ನಾನು ಮತ್ತು ಟ್ರಂಕ್ ಒಟ್ಟಾಗಿ.

ನನ್ನ ಮುದುಕನ ಸೊಂಟ, ತೋಳು, ಪೆಟ್ಟಿಗೆ ಮೂರೂ ಫ್ರೇಮ್ 62ರಲ್ಲಿ ಒಟ್ಟಿಗೆ ಹೊರಟಿದ್ದವು. 12 ಫ್ರೇಮಿನಲ್ಲಿ, ಅಂದರೆ ಅರ್ಧ ಸೆಕೆಂಡಿನಲ್ಲಿ ಅವನು ಎದ್ದು ನಿಂತಿದ್ದ. ಬೆನ್ನು ನೇರವಾಗಿತ್ತು. ಅಷ್ಟು ಸಲೀಸಾಗಿ ಮೇಲೆ ಬರುವುದು ಖಾಲಿ ಪೆಟ್ಟಿಗೆಯೇ. ಗೆಳತಿಗೆ ಫ್ರೇಮಿನ ಲೆಕ್ಕ ಗೊತ್ತಿರಲಿಲ್ಲ, ಅವಳ ಕಣ್ಣಿಗೆ ಗೊತ್ತಿತ್ತು.

ಎರಡನೆಯ ಸಲ ಎಲ್ಲವನ್ನೂ ಕಳಚಿಟ್ಟು ಬ್ಲಾಕಿಂಗ್‌ನಿಂದ, ಅಂದರೆ ದೃಶ್ಯದ ಕಚ್ಚಾ ರೂಪದಿಂದ, ಆರಂಭಿಸಿದೆ. ಬೂದು ಬಣ್ಣದ ಗೊಂಬೆ, ಬೂದು ಬಣ್ಣದ ಪೆಟ್ಟಿಗೆ, ಮುಖ್ಯ ಭಂಗಿಗಳು ಮಾತ್ರ. ಭಂಗಿಗಳನ್ನು ಗುರುತಿಸಿಟ್ಟ ಕೀಫ್ರೇಮ್‌ಗಳನ್ನು ಕಾನ್‌ಸ್ಟಂಟ್ ಇಂಟರ್ಪೊಲೇಷನ್‌ಗೆ ಹಾಕಿದರೆ ಒಂದು ಭಂಗಿಯಿಂದ ಇನ್ನೊಂದಕ್ಕೆ ಗೊಂಬೆ ನೇರ ಜಿಗಿಯುತ್ತದೆ, ನಡುವಿನ ಚಲನೆಯನ್ನು ಕಂಪ್ಯೂಟರ್ ತುಂಬುವುದಿಲ್ಲ. ಈ ಹಂತದಲ್ಲಿ ತೋರಿಸಲು ಸಂಕೋಚವಾಗುತ್ತದೆ, ನಿಜ. ಆದರೆ ಈಗ ಯಾರಾದರೂ “ಸೊಂಟ ಇನ್ನೂ ಕೆಳಗಿಳಿಯಲಿ” ಎಂದರೆ ಹತ್ತು ನಿಮಿಷದ ಕೆಲಸ. ಚಲನೆಯ ಗೆರೆಗಳಾದ ಕರ್ವ್‌ಗಳನ್ನೆಲ್ಲ ನಯಗೊಳಿಸಿದ ಮೇಲೆ ಅದೇ ಮಾತು ಒಂದು ವಾರವನ್ನು ನುಂಗುತ್ತದೆ. ಅಷ್ಟು ದೂರ ಹೋದ ಮೇಲೆ ಬದಲಾಯಿಸುವ ಮನಸ್ಸೂ ಇರುವುದಿಲ್ಲ, ಕೇಳಿದ ಸಲಹೆಗೆ ಸಮಜಾಯಿಷಿ ಹುಡುಕಲು ತೊಡಗುತ್ತೇವೆ. ಸಲಹೆ ಕೇಳಬೇಕಾದ ಹೊತ್ತು ಯಾವುದೆಂದರೆ ಅದನ್ನು ಪಾಲಿಸುವ ಧೈರ್ಯ ಇನ್ನೂ ಉಳಿದಿರುವ ಹೊತ್ತು ಎಂದು ನಾನು ನಂಬಿದ್ದೇನೆ.

ಕೇಳುವ ರೀತಿಯನ್ನೂ ಬದಲಾಯಿಸಿಕೊಂಡೆ. “ಹೇಗಿದೆ?” ಎಂದರೆ “ಚೆನ್ನಾಗಿದೆ” ಎಂಬ ಉತ್ತರ ಬರುತ್ತದೆ, ಅದರಿಂದ ಕೆಲಸ ಮುಂದಕ್ಕೆ ಹೋಗುವುದಿಲ್ಲ. ಈಗ ಒಂದೇ ಪ್ರಶ್ನೆ ಕೇಳುತ್ತೇನೆ: “ಪೆಟ್ಟಿಗೆ ಎಷ್ಟು ಭಾರ ಇರಬಹುದು, ಹೇಳಿ.” ಕಥೆಯನ್ನು ಮೊದಲೇ ವಿವರಿಸುವುದಿಲ್ಲ. ರೆಂಡರ್ ಮಾಡದೆ, ಕೆಲಸ ಮಾಡುವ ಕಿಟಕಿಯಾದ ವ್ಯೂಪೋರ್ಟಿನಿಂದಲೇ ವಿಡಿಯೊ ತೆಗೆದು, ಫ್ರೇಮಿನ ಸಂಖ್ಯೆ ಚಿತ್ರದ ಮೇಲೆಯೇ ಅಚ್ಚಾಗುವಂತೆ ಮಾಡುತ್ತೇನೆ. ಬ್ಲೆಂಡರ್‌ನ ಔಟ್‌ಪುಟ್ ವಿಭಾಗದಲ್ಲಿ ಮೆಟಾಡೇಟಾ ಎಂಬಲ್ಲಿ ಅದಕ್ಕೆ ಅನುಕೂಲವಿದೆ. ಅಷ್ಟು ಮಾಡಿದರೆ “ಅಲ್ಲೆಲ್ಲೋ ನಡುವೆ ಏನೋ ಆಯಿತು” ಎನ್ನುವವರು “88ರಲ್ಲಿ ತಲೆ ಜಿಗಿಯಿತು” ಎನ್ನಲು ತೊಡಗುತ್ತಾರೆ.

ಎರಡನೆಯ ಬ್ಲಾಕಿಂಗ್ ತೋರಿಸಿದಾಗ ಬಂದ ಉತ್ತರ ಬೇರೆಯೇ ಆಗಿತ್ತು. “ಭಾರ ಇದೆ, ಆದರೆ ನೀರಿನೊಳಗೆ ಎತ್ತಿದಂತಿದೆ,” ಎಂದರು ನಮ್ಮಲ್ಲಿ ಎಲ್ಲರಿಗಿಂತ ಹಿರಿಯರಾದವರು. ಕಾರಣ ಹುಡುಕಲು ಎರಡು ದಿನ ಬೇಕಾಯಿತು. ನನ್ನ ಮೊಬೈಲ್ ಸೆಕೆಂಡಿಗೆ 30 ಫ್ರೇಮಿನಂತೆ ಚಿತ್ರೀಕರಿಸಿತ್ತು, ನಾನು ಅದೇ ಎಣಿಕೆಯನ್ನು 24ರ ದೃಶ್ಯಕ್ಕೆ ಇಳಿಸಿದ್ದೆ. ವಿಡಿಯೊದಲ್ಲಿ ಎತ್ತಲು ಹಿಡಿದದ್ದು 39 ಫ್ರೇಮ್, ಅಂದರೆ 1.3 ಸೆಕೆಂಡ್. 24ರ ಲೆಕ್ಕದಲ್ಲಿ ಅದು 31 ಫ್ರೇಮ್ ಆಗಬೇಕು. ನಾನು 39ನ್ನೇ ಇಟ್ಟಿದ್ದರಿಂದ ಎಲ್ಲವೂ ನಿಧಾನವಾಗಿ ತೇಲುತ್ತಿತ್ತು. 30 ಫ್ರೇಮಿನ ಮೊಬೈಲ್ ವಿಡಿಯೊವನ್ನು ಮಾದರಿಯಾಗಿ ಇಟ್ಟುಕೊಳ್ಳುವವರು ಎಣಿಕೆಯನ್ನು 0.8ರಿಂದ ಗುಣಿಸಿಕೊಳ್ಳಿ, ಇಲ್ಲವೆ ವಿಡಿಯೊವನ್ನೇ ಮೊದಲು 24ಕ್ಕೆ ಪರಿವರ್ತಿಸಿಕೊಳ್ಳಿ. ಕೊನೆಗೆ ಉಳಿದ ಸಮಯ ಹೀಗಿದೆ: 62ರಲ್ಲಿ ಸೊಂಟ ಏಳುತ್ತದೆ, 66ಕ್ಕೆ ತೋಳು ಬಿಗಿಯುತ್ತದೆ, 69ಕ್ಕೆ ಪೆಟ್ಟಿಗೆಯ ಹತ್ತಿರದ ಅಂಚು ಏಳುತ್ತದೆ, 74ಕ್ಕೆ ದೂರದ್ದು, 93ಕ್ಕೆ ಮುದುಕ ನಿಂತಿರುತ್ತಾನೆ.

ಪೆಟ್ಟಿಗೆಯನ್ನು ಕೈಗೆ ಅಂಟಿಸುವ ಬಗ್ಗೆ ಒಂದು ಮಾತು, ಏಕೆಂದರೆ ಗುಂಪಿನಲ್ಲಿ ಎಲ್ಲರೂ ಇಲ್ಲಿ ಒಮ್ಮೆಯಾದರೂ ಎಡವಿದ್ದಾರೆ. ಒಂದು ವಸ್ತು ಇನ್ನೊಂದನ್ನು ಹಿಂಬಾಲಿಸುವಂತೆ ಮಾಡುವ ಚೈಲ್ಡ್ ಆಫ್ ಕನ್‌ಸ್ಟ್ರೇಂಟ್ ಹಾಕಿ, ಪೆಟ್ಟಿಗೆ ಇದ್ದಲ್ಲಿಯೇ ಉಳಿಯಲು ಸೆಟ್ ಇನ್‌ವರ್ಸ್ ಒತ್ತಿ, ಅದರ ಪ್ರಭಾವವನ್ನು ಒಂದು ಫ್ರೇಮಿನಲ್ಲಿ 0, ಮುಂದಿನದರಲ್ಲಿ 1 ಎಂದು ಕೀ ಮಾಡಬೇಕು. ಎರಡು ಕೀಗಳು ದೂರವಿದ್ದು ನಡುವೆ ಇಳಿಜಾರು ಉಳಿದರೆ ಪೆಟ್ಟಿಗೆ ಯಾರೂ ಮುಟ್ಟದೆಯೇ ಕೈಯತ್ತ ಹರಿದು ಬರುತ್ತದೆ. ನನ್ನ ದೃಶ್ಯದಲ್ಲಿ ಅಂಚೊಂದು ಮೊದಲು ಏಳಬೇಕಾದ್ದರಿಂದ 74ರವರೆಗೆ ಪೆಟ್ಟಿಗೆಯನ್ನು ಕೈಯಾರೆ ಅನಿಮೇಟ್ ಮಾಡಿ, ಕೈಗಳು ಅದನ್ನು ಹಿಂಬಾಲಿಸುವಂತೆ ಮಾಡಿದೆ. ಹೆಚ್ಚು ಶ್ರಮದ ದಾರಿ ಇದು, ಆದರೂ ಭಾರ ಕಾಣುವುದು ಅಲ್ಲಿಯೇ.

ಸಲಹೆ ಕೊಡುವುದನ್ನು ಕಲಿಯಲು ನನಗೆ ಇದಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಗುಂಪಿನ ಒಬ್ಬ ಹುಡುಗ ಮೆಟ್ಟಿಲಿಳಿಯುವ ಹುಡುಗಿಯ ದೃಶ್ಯ ತಂದಿದ್ದ. ಸಾಮಾನ್ಯ ನಡಿಗೆಯಲ್ಲಿ ಒಂದು ಹೆಜ್ಜೆಗೆ ಸುಮಾರು 12 ಫ್ರೇಮ್ ಇಡುತ್ತೇವೆ, ಅವನು 20 ಇಟ್ಟಿದ್ದ. “ತೀರ ನಿಧಾನ, 12ಕ್ಕೆ ತನ್ನಿ,” ಎಂದೆ. ಎರಡು ವಾರದ ನಂತರ ಅವನು ತಿದ್ದಿ ತಂದ. ಹುಡುಗಿ ಚುರುಕಾಗಿ ಇಳಿದಳು, ದೃಶ್ಯ ಸತ್ತಿತ್ತು. ಅವಳಿಗೆ ಕೆಳಗೆ ಹೋಗುವ ಇಷ್ಟವಿರಲಿಲ್ಲ, ಆ ನಿಧಾನವೇ ಅವನು ಹೇಳಬೇಕೆಂದಿದ್ದ ವಿಷಯ. ನಾನು ಕೇಳಲೇ ಇಲ್ಲ. ಅವನ ಎರಡು ವಾರದ ಸಂಜೆಗಳನ್ನು ನಾನು ಹಾಳುಮಾಡಿದೆನಲ್ಲ ಎಂದು ಬಹಳ ದಿನ ನೋವಾಯಿತು. ಅವನಲ್ಲಿ ಕ್ಷಮೆ ಕೇಳಿದೆ. ಅದೃಷ್ಟಕ್ಕೆ ಹಳೆಯ ಫೈಲ್ ಅವನಲ್ಲಿತ್ತು. ಪ್ರತಿ ದಿನದ ಕೆಲಸವನ್ನು ಹೊಸ ಸಂಖ್ಯೆ ಕೊಟ್ಟು ಬೇರೆಯಾಗಿ ಉಳಿಸುವ ಅವನ ಅಭ್ಯಾಸವನ್ನು ಅಂದಿನಿಂದ ನಾನೂ ರೂಢಿಸಿಕೊಂಡಿದ್ದೇನೆ.

ಈಗ ಬೇರೆಯವರ ದೃಶ್ಯ ನೋಡುವಾಗ ಮೊದಲ ಸಲ ಸುಮ್ಮನೆ ನೋಡುತ್ತೇನೆ, ಮೌಸ್ ಮುಟ್ಟುವುದಿಲ್ಲ. ಪ್ರೇಕ್ಷಕನಾಗಿ ನೋಡುವ ಅವಕಾಶ ಸಿಗುವುದು ಒಂದೇ ಸಲ. ನನಗೆ ಏನು ಅರ್ಥವಾಯಿತೋ ಅದನ್ನು ಹೇಳುತ್ತೇನೆ: “ಅವಳಿಗೆ ಭಯವಾಗಿದೆ ಅನ್ನಿಸಿತು.” ಮಾಡಿದವರು ಹೌದು ಎಂದರೆ ಅಲ್ಲಿಂದ ಫ್ರೇಮಿನ ಲೆಕ್ಕಕ್ಕೆ ಇಳಿಯುತ್ತೇವೆ. ಅಲ್ಲ ಎಂದರೆ ಹಾಗೆ ಅನ್ನಿಸಿದ ಜಾಗ ಯಾವುದೆಂದು ಇಬ್ಬರೂ ಹುಡುಕುತ್ತೇವೆ. ನನ್ನ ಗೆಳತಿ ಪೆಟ್ಟಿಗೆಯ ಬಗ್ಗೆ ಕೇಳಿದ್ದೂ ಹೀಗೆಯೇ. ಹೇಗೆ ಸರಿಪಡಿಸಬೇಕೆಂದು ಅವಳು ಹೇಳಲಿಲ್ಲ, ತನಗೆ ಕಂಡದ್ದನ್ನು ಹೇಳಿದಳು.

ನನ್ನ ಕೆಲಸವನ್ನೇ ಹೊಸ ಕಣ್ಣಿನಿಂದ ನೋಡಬೇಕಾದಾಗ ವಿಡಿಯೊವನ್ನು ಎಡಬಲ ತಿರುಗಿಸಿ ನೋಡುತ್ತೇನೆ. ಕಣ್ಣಿಗೆ ಒಗ್ಗಿಹೋದ ವಾಲಿಕೆಗಳು ಥಟ್ಟನೆ ಎದ್ದು ಕಾಣುತ್ತವೆ. ಭಂಗಿ ಸ್ಪಷ್ಟವಾಗಿದೆಯೇ ಎಂದು ತಿಳಿಯಲು ಗೊಂಬೆಯನ್ನು ಪೂರ್ತಿ ಕಪ್ಪಾಗಿಸಿ ನೆರಳಿನಂತೆ ನೋಡುವುದೂ ಉಂಟು. ಹಾಗೆ ನೋಡಿದಾಗಲೇ ಮುದುಕನ ಬಲಗೈ ಮೈಯ ಹಿಂದೆ ಅಡಗಿರುವುದು ಗೊತ್ತಾದದ್ದು.

ಕಳೆದ ವಾರ ನಯಗೊಳಿಸಿದ ಆವೃತ್ತಿಯನ್ನು ತೋರಿಸಿದೆ, ಇನ್ನೂ ಬೂದು ಬಣ್ಣದಲ್ಲಿಯೇ. ಪೆಟ್ಟಿಗೆಯೊಳಗೆ ಏನಿರಬಹುದೆಂದು ಕೇಳಿದೆ. ಒಬ್ಬರು ಕಲ್ಲು ಎಂದರು, ಇನ್ನೊಬ್ಬರು ಕಬ್ಬಿಣ ಎಂದರು. ಗೆಳತಿ ಉತ್ತರಿಸಲಿಲ್ಲ, ಮತ್ತೊಮ್ಮೆ ಹಾಕಲು ಹೇಳಿದಳು. “131ರಿಂದ 135ರವರೆಗೆ ಎಡಗಾಲು ನೆಲದ ಮೇಲೆ ಜಾರುತ್ತಿದೆ,” ಎಂದಳು. ಕರ್ವ್‌ಗಳನ್ನು ತಿದ್ದುವ ಗ್ರಾಫ್ ಎಡಿಟರ್ ತೆರೆದು ನೋಡಿದೆ. ಎರಡು ಕೀಗಳ ಬೆಲೆ ಒಂದೇ, ಆದರೂ ಕರ್ವನ್ನು ಬಾಗಿಸುವ ಹ್ಯಾಂಡಲ್ ವಾಲಿದ್ದರಿಂದ ಕರ್ವ್ ನಡುವೆ ಉಬ್ಬಿತ್ತು. ಅದನ್ನು ಚಪ್ಪಟೆ ಮಾಡಿದ್ದೇನೆ. ಪಾದ ಈಗ ನೆಲ ಕಚ್ಚಿ ನಿಂತಿದೆ, ಆದರೆ ಮಂಡಿ 134ರಲ್ಲಿ ಥಟ್ಟನೆ ಜಿಗಿಯುತ್ತಿದೆ. ಸೊಂಟವನ್ನು ಸ್ವಲ್ಪ ತಗ್ಗಿಸಿ ನೋಡಬೇಕು, ಕಾಲು ಪೂರ್ತಿ ನೆಟ್ಟಗಾಗದಿದ್ದರೆ ಅದು ನಿಲ್ಲುತ್ತದೆ. ರೆಂಡರ್ ಅದಾದ ಮೇಲೆ.